ಕಿತಾಪತಿಯ ದೊಡ್ಡಮ್ಮ

ಆ ಕನ್ನಡಕದ ಅಂಗಡಿ ನಡೆಸುತ್ತಿದ್ದವರು ಗಂಡ ಹೆಂಡತಿ. ಹಿಂದೆ, ಪರದೆಯ ಆಚೆ, ಲೆನ್ಸು ಉಜ್ಜುವ ಯಂತ್ರದ ಮುಂದೆ ಗಂಡ. ಮುಂದೆ, ಫ್ರೇಮುಗಳ ಗಾಜಿನ ಕಪಾಟಿನ ಬಳಿ ಹೆಂಡತಿ. ಒಳಗೆ ಕಾಲಿಟ್ಟ ಗಿರಾಕಿಯ ಮೂಗು ನೋಡಿಯೇ ಯಾವ ಫ್ರೇಮು ಕೂರುತ್ತದೆ, ಯಾವುದು ಜಾರುತ್ತದೆ ಎಂದು ಆಕೆ ಹೇಳಿಬಿಡುತ್ತಿದ್ದಳು. ಗಂಡ ಮಾತು ಕಡಿಮೆಯ ಮನುಷ್ಯ. ಅವನ ನಗು ಕೇಳಬೇಕೆಂದರೆ ಪುಣ್ಯ ಮಾಡಿರಬೇಕು ಎಂದು ಅವರ ಮಗಳು ತಮಾಷೆ ಮಾಡುತ್ತಿದ್ದಳು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು.

ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದರು. ಅವರ ಕಂಕುಳಲ್ಲಿ ಕೆಂಪು ಬಟ್ಟೆಯ ರಟ್ಟಿನ ಹಳೆಯ ಪುಸ್ತಕವಿತ್ತು. ಪರದೆ ಸರಿಸಿ ಹೊರಬಂದ ಗಂಡ ಅದನ್ನು ನೋಡಿ ನಿಂತಲ್ಲೇ ನಿಂತ.

"ಇದು ಕಿತಾಪತಿ ಪುಸ್ತಕ ಅಲ್ವಾ ಸಾರ್?"

ಇಂಗ್ಲೆಂಡಿನ ಒಬ್ಬ ತುಂಟ ಶಾಲಾ ಹುಡುಗನ ಕಥೆಗಳು ಅವು. ಪುಸ್ತಕದಲ್ಲಿ ಅವನಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆದರೆ ಒಂದು ಕಾಲದಲ್ಲಿ ಅವನ್ನು ಓದಿದ ಮಕ್ಕಳೆಲ್ಲ ಅವನನ್ನು ಕಿತಾಪತಿ ಎಂದೇ ಕರೆಯುತ್ತಿದ್ದರು. ತಾಯಿತಂದೆ ಇಲ್ಲದ ಅವನು ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಾನೆ. ಸಂಗೀತದ ಟೀಚರ ಪಿಯಾನೋದೊಳಗೆ ಕಪ್ಪೆ ಬಿಡುತ್ತಾನೆ, ಶಾಲೆಯ ಗಂಟೆಯ ಹಗ್ಗಕ್ಕೆ ಹೆಡ್ಮಾಸ್ತರರ ಕೋಟು ಕಟ್ಟುತ್ತಾನೆ. ಪ್ರತಿ ಕಥೆಯ ಕೊನೆಗೂ ಅವನು ಮೈಯೆಲ್ಲ ಕೆಸರು ಮಾಡಿಕೊಂಡು ಕೊಳದ ಹತ್ತಿರ ನಿಂತಿರುತ್ತಾನೆ, ದೊಡ್ಡಮ್ಮ ಅಡುಗೆಮನೆಯ ಬಾಗಿಲಿನಿಂದ ಅವನನ್ನು ಒಳಗೆ ಕರೆಯುತ್ತಾಳೆ. ಎಷ್ಟು ಪುಸ್ತಕ ಬಂದರೂ ಅವನಿಗೆ ವಯಸ್ಸು ಹನ್ನೊಂದೇ.

ಮೇಷ್ಟ್ರು ಮುಗುಳ್ನಕ್ಕರು. "ನಾವೊಂದಿಷ್ಟು ಜನ ಭಾನುವಾರ ಮಧ್ಯಾಹ್ನ ಸೇರ್ತೀವಿ. ಮುಚ್ಚಿರೋ ಹಳೇ ಶಾಲೆ ಇದೆಯಲ್ಲ, ಅದರ ಬೀಗದ ಕೈ ನನ್ನ ಹತ್ರಾನೇ ಇದೆ. ಓದ್ತೀವಿ, ನಗ್ತೀವಿ. ಅಷ್ಟೇ. ಬನ್ನಿ ನೀವೂನೂ."

ಆ ಭಾನುವಾರ ಅವನು ಹೋದ. ಸಂಜೆ ಶಿಳ್ಳೆ ಹಾಕುತ್ತ ಬಂದ. ಊಟಕ್ಕೆ ಕೂತಾಗ ಪಿಯಾನೋ ಕಪ್ಪೆಗಳ ಕಥೆ ಹೇಳಿ ಅವನೇ ಎಷ್ಟು ನಕ್ಕನೆಂದರೆ ಹೆಂಡತಿ ಬೆನ್ನು ತಟ್ಟಬೇಕಾಯಿತು.

"ನಿಮಗೆ ನಗು ಬರುತ್ತೆ ಅಂತ ಇವತ್ತು ಗೊತ್ತಾಯ್ತು ನೋಡಿ," ಎಂದಳು.

ಅವನು ಬಾಯಿ ಒರೆಸಿಕೊಂಡು ಹೇಳಿದ: "ಅಪ್ಪ ಹೋದ ಮೇಲೆ ನಾನು ಮಾವನ ಮನೇಲಿ ಬೆಳೆದೋನು ಕಣೇ. ಅನ್ನದ ಋಣ. ಒಂದು ಲೋಟಾನೂ ಬೀಳಿಸಿದೋನಲ್ಲ. ತಪ್ಪು ಮಾಡಿದ್ರೆ ಹೊರಗೆ ಹಾಕ್ತಾರೆ ಅಂತ ಭಯ. ಆ ಪುಸ್ತಕ ಓದ್ತಿದ್ದಾಗ ಮಾತ್ರ, ನನ್ನ ಪಾಲಿನ ತುಂಟತನಾನೂ ಅವನೇ ಮಾಡ್ತಿದ್ದಾನೆ ಅನ್ನಿಸ್ತಿತ್ತು."

ಆಕೆ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಹೋಗಲಿ ಪಾಪ, ನಕ್ಕುಕೊಳ್ಳಲಿ ಎಂದುಕೊಂಡಳು.

ಮುಂದಿನ ಭಾನುವಾರಗಳಲ್ಲಿ ಅವನ ಬೆರಳಿಗೆ ಮಸಿ ಮೆತ್ತಿತ್ತು. ಆಮೇಲೊಮ್ಮೆ ಮಂಡಿ ತರಚಿತ್ತು. ಬಟ್ಟೆ ಒಗೆಯಲು ಹಾಕುವಾಗ ಪ್ಯಾಂಟಿನ ಜೇಬಿನಿಂದ ಒಂದು ಮರಿಗಪ್ಪೆ ಜಿಗಿದು ಬಚ್ಚಲಿನ ಮೂಲೆ ಸೇರಿತು. ಆಕೆ ಕಿಟಾರನೆ ಕಿರುಚಿದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಕಪ್ಪೆ ಹುಚ್ಚಾ?"

ಅವನು ಬಾಗಿಲ ಸಂದಿಯಿಂದ ಇಣುಕಿದ. ಕಣ್ಣುಗಳು ಮಿನುಗುತ್ತಿದ್ದವು. "ಬೈಬೇಡಿ ದೊಡ್ಡಮ್ಮ," ಎಂದ.

ನಾಟಕ ಎಂದುಕೊಂಡು ಆಕೆ ನಕ್ಕಳು. ನಕ್ಕ ಮೇಲೆ ಮೈ ಜುಮ್ಮೆಂದಿತು. ಆ ದನಿ ಗಂಡನ ಗಂಟಲಿನಿಂದ ಬಂದಿತ್ತು, ಆದರೆ ಗಂಡನದಾಗಿರಲಿಲ್ಲ.

ಅಂಗಡಿಯಲ್ಲಿ ಅವನು ಎಂದಿನಂತೆಯೇ ಇದ್ದ. ಯಂತ್ರ ತಿರುಗುತ್ತಿತ್ತು, ಲೆನ್ಸುಗಳು ಕೂದಲೆಳೆಯಷ್ಟೂ ತಪ್ಪದೆ ಫ್ರೇಮಿನಲ್ಲಿ ಕೂರುತ್ತಿದ್ದವು. ಮನೆಗೆ ಬಂದರೆ ಸಾಕು, ಜಗಲಿಯ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದ. ಬ್ರೆಡ್ಡಿಗೆ ಬೆರಳಲ್ಲೇ ಜಾಮ್ ಮೆತ್ತುತ್ತಿದ್ದ. ಅವಳನ್ನು ಲೇ ಎನ್ನುವುದು ಬಿಟ್ಟುಬಿಟ್ಟ. ದೊಡ್ಡಮ್ಮ ಎಂದೇ ಕರೆಯುತ್ತಿದ್ದ, ಬಹುವಚನದಲ್ಲಿ, ತಪ್ಪು ಮಾಡಿದ ಹುಡುಗನ ವಿನಯದಲ್ಲಿ.

ಆಕೆ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅಲ್ಲಿ ಅವನು ಗಂಭೀರವಾಗಿ ಕೂತು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟ. ಡಾಕ್ಟರು ಎದೆ ಪರೀಕ್ಷಿಸಿ ಹುಬ್ಬೇರಿಸಿದರು. "ಯಜಮಾನರದ್ದು ಗಟ್ಟಿ ಪಿಂಡ ಅಮ್ಮ. ಈ ಎದೆಬಡಿತ ನನಗಿದ್ದಿದ್ರೆ ನಾನು ಕುಣೀತಿದ್ದೆ."

ಅದೇ ವಾರ ಮಗಳು ಅಂಗಡಿಗೆ ಫೋನ್ ಮಾಡಿದಳು. "ಅಮ್ಮಾ, ಮನೇಲಿ ಯಾರಿದ್ದಾರೆ? ಈಗ ಮಾಡಿದ್ರೆ ಯಾರೋ ಹುಡುಗ ತಗೊಂಡ. ಅಪ್ಪ ಇದ್ದಾರಾ ಅಂದ್ರೆ, 'ಅವರು ಇನ್ನು ಬರಲ್ಲ' ಅಂದ. ಆಮೇಲೆ ಕಿಸಕ್ಕನೆ ನಕ್ಕು ಇಟ್ಟುಬಿಟ್ಟ."

ಆ ಹೊತ್ತಿಗೆ ಮನೆಯಲ್ಲಿದ್ದವನು ಗಂಡನೊಬ್ಬನೇ. "ಪಕ್ಕದ ಮನೆ ಹುಡುಗ ಇರ್ಬೇಕು ಕಣೆ," ಎಂದು ಸುಳ್ಳು ಹೇಳಿ ಆಕೆ ಫೋನಿಟ್ಟಳು.

ಆ ಭಾನುವಾರ ಅವನು ಹೋಗಿ ಹೊತ್ತು ಇಳಿದ ಮೇಲೆ ಆಕೆಯೂ ಹೊರಟಳು. ಹಳೆಯ ಶಾಲೆಯ ಗೇಟು ಅರ್ಧ ತೆರೆದಿತ್ತು. ಅಂಗಳದ ತುಂಬ ಒಣಗಿದ ಎಲೆ. ಒಳಗಿನಿಂದ ನಗುವಿನ ಸದ್ದು ಬರುತ್ತದೆಂದು ಕಿವಿಗೊಟ್ಟಳು. ಓದುವ ಒಂದು ದನಿ ಬಿಟ್ಟರೆ ಏನೂ ಕೇಳಿಸಲಿಲ್ಲ. ಕಿಟಕಿಯಿಂದ ನೋಡಿದರೆ, ಮಕ್ಕಳ ಗಿಡ್ಡ ಬೆಂಚುಗಳಲ್ಲಿ ಆರು ಜನ ನರೆತಲೆಯವರು ಮಂಡಿ ಎದೆಗೆ ತಾಗುವಂತೆ ಮುದುರಿ ಕೂತಿದ್ದರು. ಅವರಲ್ಲಿ ಗಂಡನೂ ಇದ್ದ. ಒಬ್ಬರು ಪೋಸ್ಟಾಫೀಸಿನವರು, ಆಕೆಗೆ ಪರಿಚಯ. ಇನ್ನೊಬ್ಬರು ಅವಳ ಅಂಗಡಿಯಲ್ಲೇ ಕನ್ನಡಕ ಮಾಡಿಸಿದ ದರ್ಜಿ. ಈಗ ಯಾರ ಮೂಗಿನ ಮೇಲೂ ಕನ್ನಡಕವಿರಲಿಲ್ಲ. ಮೇಷ್ಟ್ರು ಕೆಂಪು ಪುಸ್ತಕ ಹಿಡಿದು ಓದುತ್ತಿದ್ದರು. ಆರೂ ಜನರ ತುಟಿಗಳು ಅವರ ಜೊತೆಗೇ ಸದ್ದಿಲ್ಲದೆ ಅಲ್ಲಾಡುತ್ತಿದ್ದವು.

ಆಕೆ ಬಾಗಿಲಲ್ಲಿ ನಿಂತಳು. ಮೇಷ್ಟ್ರು ತಲೆಯೆತ್ತಿದರು.

"ಬಂದ್ರಾ ದೊಡ್ಡಮ್ಮ? ಬನ್ನಿ, ನಿಮ್ಮ ಕುರ್ಚಿ ಖಾಲಿ ಇದೆ." ಮೂಲೆಯಲ್ಲಿ ಒರೆಸಿಟ್ಟ ಕುರ್ಚಿಯೊಂದಿತ್ತು.

ಆಕೆ ಅತ್ತ ನೋಡಲಿಲ್ಲ. "ರೀ," ಎಂದಳು. "ಏಳಿ, ಮನೆಗೆ ಹೋಗೋಣ."

ಗಂಡ ತಿರುಗಲಿಲ್ಲ.

"ರೀ! ನಿಮ್ಮನ್ನೇ ಕರೀತಿರೋದು. ಕೇಳಿಸ್ತಿಲ್ವಾ?"

ಅವನು ಕತ್ತೆತ್ತಿ ಕಿಟಕಿಯತ್ತ ನೋಡಿದ, ಹೊರಗೆಲ್ಲೋ ಕಾಗೆ ಕೂಗಿತೆಂಬಂತೆ. ಮತ್ತೆ ಪುಸ್ತಕದತ್ತ ತಿರುಗಿದ.

"ಹಾಗೆಲ್ಲ ಕರೆದ್ರೆ ಇಲ್ಲಿ ಯಾರಿಗೂ ಕೇಳಿಸಲ್ಲ ಅಮ್ಮ," ಎಂದರು ಮೇಷ್ಟ್ರು. ದನಿಯಲ್ಲಿ ದ್ವೇಷವಿರಲಿಲ್ಲ, ದಣಿವಿತ್ತು. "ಯಾಕೆ ಎಬ್ಬಿಸ್ತೀರಿ? ಹೊರಗೆ ಇವರಿಗೆ ಇನ್ನೇನಿದೆ, ಮುದಿತನ, ಮಾತ್ರೆ. ಇಲ್ಲಿ ಕಥೆ ಮುಗಿಯೋದೇ ಇಲ್ಲ. ಕೊನೇ ಸಾಲು ನಾವು ಓದೋದೇ ಇಲ್ಲ."

ಕೊನೆಯ ಸಾಲು, ದೊಡ್ಡಮ್ಮನ ಆ ಕರೆ, ಆಕೆಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಗಂಡನೇ ಎಷ್ಟು ಸಲ ಹೇಳಿರಲಿಲ್ಲ! ಆದರೆ ಕಟ್ಟಿಕೊಂಡ ಗಂಡನನ್ನು ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ. ನಾಲಿಗೆ ಏಳಲಿಲ್ಲ. ಆಮೇಲೆ, ಮಗಳು ಚಿಕ್ಕವಳಿದ್ದಾಗ ಬೀದಿಗೆಲ್ಲ ಕೇಳಿಸುವಂತೆ ಕೂಗುತ್ತಿದ್ದ ಆ ಹಳೆಯ ದನಿಯಲ್ಲಿ ಕೂಗಿದಳು:

"ಏ ಕಿತಾಪತಿ! ಕತ್ತಲಾಯ್ತು, ಬಾರೋ ಒಳಗೆ!"

ಬೆಂಚುಗಳು ಕಿರುಗುಟ್ಟಿದವು. ಗಂಡನೊಬ್ಬನೇ ಅಲ್ಲ, ಆರು ಜನರೂ ಎದ್ದು ನಿಂತರು.

ಮೇಷ್ಟ್ರು ಪುಸ್ತಕ ಮುಚ್ಚಿ ಮುಖವನ್ನು ಅದರ ಮೇಲೆ ಒರಗಿಸಿದರು. ಆಕೆ ಹೊರಗೆ ನಡೆದಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹಿಂದೆ ಎಲೆಗಳು ಸರಬರ ಎನ್ನುತ್ತಿದ್ದವು. ಬೀದಿ ದೀಪಗಳು ಆಗಷ್ಟೇ ಹತ್ತುತ್ತಿದ್ದವು. ಕೋಳಿಯ ಹಿಂದಿನ ಮರಿಗಳಂತೆ ಆರು ಮುದುಕರು ಸಾಲಾಗಿ ಬರುತ್ತಿದ್ದುದನ್ನು ಕಂಡು ಸೈಕಲ್ ರಿಪೇರಿಯವನು ಕೈಯಲ್ಲಿದ್ದ ಟ್ಯೂಬನ್ನು ಹಾಗೇ ಹಿಡಿದು ನಿಂತ. ಮೊದಲ ತಿರುವಿನಲ್ಲಿ ಪೋಸ್ಟಾಫೀಸಿನವರು ಸಾಲು ಬಿಟ್ಟು ಒಂದು ಮನೆಯ ಬಾಗಿಲು ತಟ್ಟಿದರು. ತೆರೆದ ಹೆಂಗಸು, "ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಅಳುತ್ತ ಒಳಗೆ ಎಳೆದುಕೊಂಡಳು. ಹೀಗೆ ಒಬ್ಬೊಬ್ಬರಾಗಿ ಕರಗಿ, ಮನೆ ಮುಟ್ಟುವಾಗ ಉಳಿದವನು ಗಂಡ ಮಾತ್ರ. ಅವನು ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆದು ಮಲಗಿದ.

ಬೆಳಿಗ್ಗೆ ಅವನು ಮಂಡಿ ಹಿಡಿದುಕೊಂಡು ನರಳುತ್ತ ಎದ್ದ. "ಲೇ, ಆ ಎಣ್ಣೆ ಸೀಸೆ ಎಲ್ಲಿಟ್ಟಿದ್ದೀಯೇ?" ಎಂದ.

ಆಕೆ ಒಲೆಯ ಮುಂದೆ ನಿಂತು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು.

ಮೇಷ್ಟ್ರು ಆಮೇಲೆ ಊರಿನಲ್ಲಿ ಕಾಣಲಿಲ್ಲ. ಶಾಲೆಗೆ ಹೊಸ ಬೀಗ ಬಿತ್ತು. ಗಂಡ ಮತ್ತೆ ಮಾತು ಕಡಿಮೆಯ ಮನುಷ್ಯನಾದ. ಭಾನುವಾರದ ವಿಷಯ ಅವನೂ ಎತ್ತಲಿಲ್ಲ, ಅವಳೂ ಕೆದಕಲಿಲ್ಲ. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಸಂಜೆಯ ಹೊತ್ತು, ಶಿಳ್ಳೆಯಿಲ್ಲದ, ಜಾಮಿನ ಬೆರಳ ಗುರುತಿಲ್ಲದ ಆ ಮನೆಯಲ್ಲಿ, ಆಕೆಗೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಅಂಥದೇ ಒಂದು ಮುಸ್ಸಂಜೆ ಗಂಡ ನಡುಮನೆಯಲ್ಲಿ ಪೇಪರು ಓದುತ್ತಿದ್ದ. ಆಕೆ ಹಿತ್ತಿಲ ಬಾಗಿಲು ಹಾಕಲು ಹೋದವಳು ಹೊಸಿಲಲ್ಲಿ ನಿಂತಳು. ಗಂಡನಿಗೆ ಕೇಳಿಸದಷ್ಟು ಮೆಲ್ಲಗೆ, ಆಸೆಗೆ, ಬರೀ ಬಾಯಿ ಚಪಲಕ್ಕೆ ಅಂದಳು: "ಬಾರೋ ಒಳಗೆ."

"ಬಂದೇ ದೊಡ್ಡಮ್ಮ!" ಎಂದಿತು ಹಿತ್ತಿಲ ಕತ್ತಲು.

ಎಳೆಯ ದನಿ. ಅದರ ಹಿಂದೆಯೇ ಓಡಿ ಬರುವ ಹೆಜ್ಜೆ, ಒದ್ದೆ ಬೂಟಿನ ಪಚಪಚ. ಆಕೆ ಬಾಗಿಲು ದಡಾರನೆ ಹಾಕಿ ಅಗಳಿ ಜಡಿದಳು. ಹೆಜ್ಜೆ ಬಾಗಿಲ ಆಚೆ ನಿಂತಿತು.

ನಡುಮನೆಯಲ್ಲಿ ಪೇಪರು ಕೆಳಗಿಳಿದಿತ್ತು. ಗಂಡನ ಮುಖ ಸುಣ್ಣದಂತಾಗಿತ್ತು.

"ಕರೆದ್ಯಾ?"

ಆಕೆ ಹೌದೆಂದು ತಲೆಯಾಡಿಸಿದಳು.

"ಕರೀಬಾರದಿತ್ತು ಕಣೇ. ಅಲ್ಲಿ ಇದ್ದಿದ್ದು ನಾವು ಆರೇ ಜನ. ಆದ್ರೆ ನನ್ನ ಬೆಂಚಲ್ಲಿ ನನ್ನ ಪಕ್ಕ ಯಾವಾಗ್ಲೂ ಒಬ್ಬ ಕೂತಿರ್ತಿದ್ದ. ತಣ್ಣಗೆ. ಕೆಸರಿನ ವಾಸನೆ. ನೀನು ಕೂಗಿದಾಗ ನನಗಿಂತ ಮೊದಲು ಎದ್ದೋನು ಅವನು."

"ಏನು ಬೇಕಂತೆ ಅವನಿಗೆ?"

"ಏನು ಬೇಕು? ಇಷ್ಟು ವರ್ಷ ಆಡಿದಾನೆ. ಸಾಕಾಗಿದೆ, ಪಾಪ. ಒಳಗೆ ಬರ್ಬೇಕು ಅಷ್ಟೇ."

ಬಾಗಿಲ ಮೇಲೆ ಸಣ್ಣಗೆ ಉಗುರಿನಿಂದ ಕೆರೆದಂತೆ ಸದ್ದಾಯಿತು. ಆಕೆಯ ಕೈ ತಾನಾಗಿಯೇ ಅಗಳಿಯತ್ತ ಹೋಯಿತು. ಗಂಡ ಎದ್ದು ಬಂದು ಆ ಕೈ ಹಿಡಿದುಕೊಂಡ.

"ಅವನು ಒಳಗೆ ಬಂದ್ರೆ ಇಲ್ಲಿ ನನಗೆ ಜಾಗ ಇರಲ್ಲ," ಎಂದ. "ಆ ದಿನಗಳು ನನಗೆ ನೆನಪಿವೆ. ನಾನು ಎಲ್ಲೂ ಇರಲಿಲ್ಲ."

ಆಕೆ ಅವನ ಮುಖ ನೋಡಿದಳು. ಸುಕ್ಕು, ದಣಿದ ಕಣ್ಣು, ನಾಳೆ ಬೆಳಿಗ್ಗೆ ಎಣ್ಣೆ ಕೇಳುವ ಬಾಯಿ. ಬಾಗಿಲಿಗೆ ಬಾಯಿ ಹತ್ತಿರ ತಂದು, "ಇದು ನಿನ್ನ ಮನೆ ಅಲ್ಲಪ್ಪ," ಎಂದಳು. "ನಾನು ನಿನ್ನ ದೊಡ್ಡಮ್ಮ ಅಲ್ಲ. ತಪ್ಪಾಯ್ತು, ಹೋಗು ಕಂದ."

ಕೆರೆಯುವ ಸದ್ದು ನಿಂತಿತು. ಆಮೇಲೆ ಮೂಗು ಸೊರಸೊರ ಎಳೆದ ಸದ್ದು, ದೂರವಾಗುವ ಹೆಜ್ಜೆ.

ಬೆಳಿಗ್ಗೆ ನೋಡಿದರೆ ಹಿತ್ತಿಲಿನಲ್ಲಿ ಕೆಸರಿನ ಚಿಕ್ಕ ಚಿಕ್ಕ ಹೆಜ್ಜೆಗಳು ಮನೆಯ ಸುತ್ತ ಹಾದು, ಒಂದೊಂದು ಕಿಟಕಿಯ ಕೆಳಗೂ ನಿಂತು, ಕೊನೆಗೆ ಬೀದಿಯ ಕಡೆ ಹೋಗಿದ್ದವು. ಗಂಡ ಪೊರಕೆ ತೆಗೆದುಕೊಂಡು ನೀರು ಹಾಕಿ ತೊಳೆದ.

ತಿಂಗಳು ತುಂಬುವುದರೊಳಗೆ ಅವರು ಆ ಮನೆ ಬಿಟ್ಟು ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದರು. ಮಂಡಿ ನೋವಿನವರು ಮೆಟ್ಟಿಲಿನ ಮನೆಗೆ ಯಾಕೆ ಬಂದಿರಿ ಎಂದು ಮಗಳು ಬೈದಳು. ಗಾಳಿ ಬೆಳಕು ಚೆನ್ನಾಗಿದೆ ಎಂದು ಹೇಳಿದರು. ವ್ಯಾಪಾರ ಚೆನ್ನಾಗಿಯೇ ನಡೆದಿದೆ. ಆಕೆ ಈಗಲೂ ಮೂಗು ನೋಡಿ ಫ್ರೇಮು ಕೊಡುತ್ತಾಳೆ. ಗಂಡನ ಜೊತೆ ಮೊದಲಿಗಿಂತ ಹೆಚ್ಚು ಮಾತಾಡುತ್ತಾಳೆ, ಸುಮ್ಮಸುಮ್ಮನೆ ಅವನ ತೋಳು ಮುಟ್ಟುತ್ತಾಳೆ. ಆದರೆ ಸಂಜೆ ಬೀದಿಯ ಯಾವುದೋ ಮನೆಯ ತಾಯಿ ತನ್ನ ಮಗುವನ್ನು ಒಳಗೆ ಕರೆಯುವ ಹೊತ್ತಿಗೆ ಮಾತ್ರ, ಆಕೆ ಮಾಡುತ್ತಿದ್ದ ಕೆಲಸ ಬಿಟ್ಟು ಕಿಟಕಿ ಹಾಕಿಬಿಡುತ್ತಾಳೆ. ಆ ಕರೆಗೆ ಎಷ್ಟು ದನಿಗಳು ಓಗೊಟ್ಟವು ಎಂದು ಎಣಿಸಲು ಆಕೆಗೆ ಇಷ್ಟವಿಲ್ಲ.