ನೀರು ಹೇಳಲಿ

ವಿಶಾಲಾಕ್ಷಿ ಬಚ್ಚಲಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ನಿಂತ ನೀರನ್ನು ಪೊರಕೆಯಿಂದ ಮೂಲೆಯ ಜಾಲರಿಯತ್ತ ತಳ್ಳುತ್ತಿದ್ದಳು. ತಳ್ಳಿದಷ್ಟೂ ಅದು ತಿರುಗಿ ಅವಳ ಪಾದಕ್ಕೇ ಬರುತ್ತಿತ್ತು. ಕಾಫಿಗೆ ಮುಂಚೆ ದಿನವೂ ಇದೇ ಕೆಲಸ. ಪಕ್ಕದಲ್ಲಿ ಬೋರಲು ಕೂತು ನೋಡುತ್ತಿದ್ದುದು ನಾನು, ಒಂದು ಹಿತ್ತಾಳೆ ಚೊಂಬು.

ನಾನು ಹುಟ್ಟಿದ್ದು ಕಂಚುಗಾರನ ಸುತ್ತಿಗೆಯ ಕೆಳಗೆ. ಅಷ್ಟು ಪೆಟ್ಟು ತಿಂದು ಆಕಾರ ಪಡೆದ ಮೇಲೆ ಯಾರಿಗೂ ಸುಲಭಕ್ಕೆ ಬಗ್ಗಬಾರದೆಂದು ಆಗಲೇ ನಿಶ್ಚಯಿಸಿದ್ದೆ. ವಿಶಾಲಾಕ್ಷಿಯ ಅಜ್ಜಿ ನನ್ನನ್ನು ಕೊಂಡು ತಂದಳು. ವಿಶಾಲಾಕ್ಷಿಯ ತಾಯಿ ನನ್ನ ಮೇಲೆ ತೆಂಗಿನಕಾಯಿ ಇಟ್ಟು ಕಳಸ ಮಾಡಿ ಪೂಜಿಸಿದಳು. ಮಗಳ ಮದುವೆಯಲ್ಲಿ ಚಿತ್ರದುರ್ಗದ ಈ ಮನೆಗೆ ಬಂದೆ. ಸ್ಟೀಲು ಬಂತು, ನಾನು ದೇವರಕೋಣೆಯಿಂದ ಬಚ್ಚಲಿಗೆ ಇಳಿದೆ. ಮೋಸ ಹೋದವರು ‘ಚೊಂಬು ಸಿಕ್ತು’ ಅನ್ನುತ್ತಾರೆ. ಅನ್ನಲಿ. ಈ ಬಚ್ಚಲಿನ ಮೋಸ ನನ್ನದಲ್ಲ.

ಅದು ಓಬಳೇಶನದು. ಅವನು ವಿಶಾಲಾಕ್ಷಿಯ ಗಂಡ ತಿಪ್ಪೇಸ್ವಾಮಿಯ ಅಕ್ಕನ ಗಂಡ, ಕಂಟ್ರಾಕ್ಟರು. ನೆಲಕ್ಕೆ ಟೈಲ್ಸ್ ಹಾಕಿದವನು ನೀರು ಹರಿಯುವ ವಾಟ ಕೊಟ್ಟಿದ್ದು ಜಾಲರಿಯ ಕಡೆಗಲ್ಲ, ಬಾಗಿಲ ಕಡೆಗೆ. ಕೇಳಿದರೆ, “ಹೊಸ ನೆಲ ಕಣಮ್ಮ ತಂಗಿ, ನೀರು ಇನ್ನೂ ದಾರಿ ಕಲೀಬೇಕು” ಎಂದು ನಕ್ಕಿದ್ದ. ನೀರು ಕಲಿಯಲಿಲ್ಲ. ಆಷಾಢದಲ್ಲಿ ವಿಶಾಲಾಕ್ಷಿಯ ಅತ್ತೆ ಅದರಲ್ಲೇ ಜಾರಿ ಕೈ ಮುರಿದುಕೊಂಡರು. ಅಂದಿನಿಂದ ಸ್ನಾನವೆಂದರೆ ಅವರಿಗೆ ನಡುಕ. ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲು ಒಳಗಿಟ್ಟು, ಹಾಗೇ ನಿಂತುಬಿಡುತ್ತಿದ್ದರು.

“ನೆಲ ಪೂರ್ತಿ ಹೊಸದಾಗಿ ಮಾಡಿಸ್ಬೇಕು. ಬೇರೆ ಯಾರಿಗಾದ್ರೂ ಕೊಡೋಣ” ಎಂದಳು ವಿಶಾಲಾಕ್ಷಿ.

“ಭಾವನ್ನ ಬಿಟ್ಟು ಬೇರೆಯವ್ರಿಗೆ ಕೊಟ್ರೆ ಅಕ್ಕ ನಮ್ಮನೆ ಹೊಸಲು ತುಳೀತಾಳಾ?” ಎಂದ ತಿಪ್ಪೇಸ್ವಾಮಿ.

ಶ್ರಾವಣ ಬಂತು. ಅರಿಶಿನ ಕುಂಕುಮಕ್ಕೆ ಕರೆದರೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ವಿಶಾಲಾಕ್ಷಿ ಆ ವರ್ಷ ಒಂದು ಮನೆಯನ್ನೂ ಬಿಡಲಿಲ್ಲ, ಅದರಲ್ಲೂ ಬಚ್ಚಲು ರಿಪೇರಿ ಮಾಡಿಸಿದ ಮನೆಗಳನ್ನು. ನನ್ನನ್ನು ಹುಳಿ ಹಚ್ಚಿ ಬೆಳಗಿ ಬ್ಯಾಗಿನಲ್ಲಿಟ್ಟುಕೊಂಡು ಹೊರಡುತ್ತಿದ್ದಳು. “ಕಾಲು ತೊಳ್ಕೊಂಡು ಬರ್ತೀನಿ” ಎಂದು ಬಚ್ಚಲಿಗೆ ಹೋಗಿ, ನನ್ನನ್ನು ತುಂಬಿ, ಗೋಡೆಯ ಬುಡಕ್ಕೆ ಬಗ್ಗಿಸುತ್ತಿದ್ದಳು. ಪ್ಲಾಸ್ಟಿಕ್ ಮಗ್ಗು ಚೆಲ್ಲಾಡಿಬಿಡುತ್ತದೆ. ನನ್ನ ಕಂಠ ಸಣ್ಣದು, ನೀರು ಎಳೆಯಾಗಿ ಇಳಿಯುತ್ತದೆ. ಎಲ್ಲಿ ಓಡುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲ ಕಾಣುತ್ತದೆ.

ಮೊಬೈಲಿನಲ್ಲಿ ಚೆಂದದ ಫೋಟೋ ತೋರಿಸುತ್ತಿದ್ದ ಮೇಸ್ತ್ರಿಯ ಕೆಲಸದಲ್ಲಿ ನೀರು ವಾಷಿಂಗ್ ಮೆಷಿನ್ ಕೆಳಗೆ ಹೊಕ್ಕಿತು. ಊರೆಲ್ಲ ಹೊಗಳುವವನ ನೆಲದಲ್ಲಿ ನಟ್ಟನಡುವೆ ಕೆರೆ ಕಟ್ಟಿತು. ಕಾತ್ಯಾಯಿನಿ ಟೀಚರ್ ಮನೆಯಲ್ಲಿ ಮಾತ್ರ, ಹುಯ್ದ ನೀರು ಕರೆದವರ ಮನೆಗೆ ಹೊರಟಂತೆ ನೆಟ್ಟಗೆ ಜಾಲರಿಗೆ ಹೋಯಿತು. ವಿಶಾಲಾಕ್ಷಿ ನಂಬಲಾರದೆ ಇನ್ನೊಂದು ಚೊಂಬು ಹುಯ್ದಳು. ಬಾಗಿಲಲ್ಲಿ ಟೀಚರ್ ನಿಂತಿದ್ದರು.

“ಏನ್ರೀ ವಿಶಾಲಾಕ್ಷಿ, ಚೊಂಬು ಮನೆಯಿಂದ್ಲೇ ತಂದಿದ್ದೀರಾ? ಮೇಸ್ತ್ರಿ ಯಾರು ಅಂತ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ.”

“ಬಾಯಲ್ಲಿ ಎಲ್ರೂ ಒಳ್ಳೇದೇ ಹೇಳ್ತಾರೆ ಟೀಚರ್. ನೀರು ಹೇಳಲಿ ಅಂತ ನೋಡ್ತಿದ್ದೆ.”

ಆ ಮೇಸ್ತ್ರಿ ದುರ್ಗಪ್ಪ. ಅವಳು ಫೋನಿನಲ್ಲಿ ಎಲ್ಲ ಹೇಳಿದ ಮೇಲೆ ಒಂದೇ ಮಾತು ಅಂದ: “ಹಳೇ ನೆಲ ಪೂರ್ತಿ ಒಡೀಬೇಕಮ್ಮ. ಅದರ ಮೇಲೆ ತೇಪೆ ಹಾಕೋನು ನಾನಲ್ಲ. ಒಪ್ಪಿಗೆ ಇದ್ರೆ ಕರೀರಿ, ಬರ್ತೀನಿ.”

ಅಷ್ಟರಲ್ಲಿ ಭಾನುವಾರ ಓಬಳೇಶನೇ ಟೇಪು ಹಿಡಿದು ಬಂದ. ಇದೇ ಟೈಲ್ಸ್ ಮೇಲೆ ಇನ್ನೊಂದು ಪದರ ಹಾಕಿದರೆ ಸಾಕೆಂದ. ವಿಶಾಲಾಕ್ಷಿ ನನ್ನನ್ನು ತುಂಬಿ ಅವನ ಕೈಗೆ ಕೊಟ್ಟಳು.

“ಅಣ್ಣಾ, ಜಾಲರಿ ಪಕ್ಕದಲ್ಲೇ ಹುಯ್ದು ನೋಡಿ.”

ಹುಯ್ದ. ನೀರು ಹಿಂದಿರುಗಿ ಬಂದು ಅವನ ಪ್ಯಾಂಟಿನ ಅಂಚು ನೆನೆಸಿತು. “ಹಳೇ ಮನೆ ಅಲ್ವಾ, ನೆಲ ಕೂತ್ಬಿಟ್ಟಿದೆ” ಎಂದ.

ಮಗಳ ಸಂಸಾರಕ್ಕೆ ತೊಂದರೆಯಾದೀತೆಂದು ಇಷ್ಟು ದಿನ ಬಾಯಿ ಬಿಡದಿದ್ದ ಅತ್ತೆ ಒಳಗಿನಿಂದ ಹೇಳಿದರು: “ಕೂತಿದ್ದು ನೆಲ ಅಲ್ಲ ಅಳಿಯಂದ್ರೇ. ಬಿದ್ದಿದ್ದು ನಾನು.”

ಓಬಳೇಶ ಸರ್ರನೆ ತಿರುಗಿದ. ಅವನ ಕೈಜಾರಿ ನಾನು ನೆಲಕ್ಕೆ ಅಪ್ಪಳಿಸಿದೆ. ನನ್ನ ಹೊಟ್ಟೆಯ ಮೇಲಿನ ಈ ತಗ್ಗು ಅಂದಿನದು.

“ಈ ಹಳೇ ಚೊಂಬು ಗುಜರಿಗೆ ಹಾಕ್ಬಾರ್ದಾ?” ಎಂದ ತಿಪ್ಪೇಸ್ವಾಮಿ. ಬೇರೇನೂ ಹೇಳಲು ಅವನಿಗೆ ತೋಚಿರಲಿಕ್ಕಿಲ್ಲ. ಸಂಜೆ ಅಕ್ಕನ ಫೋನು ಮುಗಿಸಿ ಬಂದು, “ಗುರುವಾರದಿಂದ ಭಾವ ಕೆಲಸ ಶುರು ಮಾಡ್ತಾರಂತೆ” ಎಂದ.

ವಿಶಾಲಾಕ್ಷಿ ಬಚ್ಚಲಿಗೆ ಬಂದು ಬಕೆಟ್ಟು, ಮಣೆ, ಸೋಪಿನ ಡಬ್ಬಿ, ಅತ್ತೆಯ ಪ್ಲಾಸ್ಟಿಕ್ ಸ್ಟೂಲು, ಒಂದೊಂದಾಗಿ ಹಿತ್ತಲಿಗೆ ಸಾಗಿಸಿದಳು.

“ಏನು, ಕ್ಲೀನಿಂಗಾ?” ಎಂದ ಗಂಡ.

“ಹೂಂ” ಎಂದಳು.

ಕೊನೆಗೆ ನನ್ನನ್ನು ಎತ್ತಿಕೊಂಡು ತಗ್ಗಿನ ಮೇಲೆ ಹೆಬ್ಬೆರಳಾಡಿಸಿದಳು. ಹಿತ್ತಲಿನ ಕಿಟಕಿಯಲ್ಲಿಟ್ಟು ಅಂಚಿನವರೆಗೆ ನೀರು ತುಂಬಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಬೆಳಿಗ್ಗೆ ಬರುವಂತೆ ದುರ್ಗಪ್ಪನಿಗೆ ಮೆಸೇಜು ಕಳಿಸಿ, ಫೋನನ್ನು ಮಗುಚಿಟ್ಟಳು. ನಾಳೆ ಗಂಡ ಆಫೀಸಿಗೆ ಹೊರಟ ಮೇಲೆ ಈ ನೆಲ ಇರುವುದಿಲ್ಲ. ಇದು ಅವಳಿಗೆ ಗೊತ್ತು, ನನಗೆ ಗೊತ್ತು. ಈ ಮನೆಯಲ್ಲಿ ಮೂರನೆಯವರಿಗೆ ಗೊತ್ತಿಲ್ಲ.

ನನಗೆ ವಯಸ್ಸಾಗಿದೆ. ತುಸು ಸೊಟ್ಟಗೂ ಆಗಿದ್ದೇನೆ. ಕಳಸವಾಗಿ ಕೂತಾಗ ನನಗೆ ಕೈ ಮುಗಿದವರು ಬಹಳ. ಆದರೆ ನನ್ನ ಮಾತು ನಂಬಿದವಳು ಇವಳೊಬ್ಬಳೇ. ಹೊಸ ನೆಲಕ್ಕೆ ಮೊದಲ ನೀರು ನಾನೇ ಹುಯ್ಯಬೇಕು. ದುರ್ಗಪ್ಪನದಾದರೂ ಸರಿ, ಹುಯ್ದು ನೋಡದೆ ಬಿಡುವವಳಲ್ಲ ಅವಳು.

ಗುಜರಿಯವನು ಕಾಯಲಿ.