ಉಲ್ಟಾ ಮಾವನ ಗಿಟಾರು

ಎಡ ಯಾವುದು, ಬಲ ಯಾವುದು ಎಂಬ ವಿಷಯದಲ್ಲಿ ನನ್ನ ದೊಡ್ಡ ಸೋದರಮಾವನಷ್ಟು ಉದಾರ ಮನಸ್ಸಿನ ಮನುಷ್ಯನನ್ನು ನಾನು ಕಂಡಿಲ್ಲ. ದಾರಿ ಕೇಳಿದವರಿಗೆ ಎಡಕ್ಕೆ ಹೋಗಿ ಎನ್ನುತ್ತ ಕೈಯನ್ನು ಬಲಕ್ಕೆ ಚಾಚುವರು. ಚಪ್ಪಲಿ ಅದಲುಬದಲಾಗಿ ಮೆಟ್ಟಿ ಅರ್ಧ ಬೀದಿ ನಡೆದ ಮೇಲೆ, ‘ಯಾಕೋ ಇವತ್ತು ಕಾಲು ನೋಯ್ತಿದೆ’ ಎಂದು ನಿಲ್ಲುವರು. ಅಂಗಿಯ ಹೊಲಿಗೆ ಹೊರಗೆ ಕಂಡರೆ ಆ ದಿನ ಅತ್ತೆ ಮನೆಯಲ್ಲಿಲ್ಲ ಎಂದು ತಿಳಿಯಬೇಕು. ಮಕ್ಕಳೆಲ್ಲ ಸೇರಿ ಅವರಿಗೆ ಉಲ್ಟಾ ಮಾವ ಎಂದು ನಾಮಕರಣ ಮಾಡಿದೆವು, ಅವರು ಸಂತೋಷದಿಂದ ಓಗೊಟ್ಟರು. ಆದರೆ ಇದೇ ಮಹಾನುಭಾವರು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದಲ್ಲಿದ್ದು, ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿದ ನಿದರ್ಶನ ಒಂದೂ ಇಲ್ಲ. ಇದು ಹೇಗೆ ಸಾಧ್ಯ ಎಂಬುದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಅಂಗಡಿಯಿಂದ ಬಂದು ಕಾಫಿ ಕುಡಿದರೆ ಮುಗಿಯಿತು, ಮಾವ ಹಿಂದಿನ ಕೋಣೆಯ ಸ್ವತ್ತು. ಮರದ ಪುಡಿ ಅಂಗಿಯ ಕೊರಳೊಳಗೆ ಇಳಿಯಬಾರದೆಂದು ಅಂಗಡಿಯ ಹಳೆಯ ಬಿಳಿ ಕೋಟನ್ನು ಹಿಂದುಮುಂದಾಗಿ ತೊಟ್ಟು ಬೆನ್ನು ತಿರುಗಿಸಿ ನಿಲ್ಲುವರು. ಅತ್ತೆ ಗೊಣಗುತ್ತ ಗುಂಡಿ ಹಾಕುವರು. ಆ ಕೋಣೆಯಲ್ಲಿ ಅವರು ವಿದ್ಯುತ್ ಗಿಟಾರುಗಳನ್ನು ಮಾಡುತ್ತಿದ್ದರು, ಇತರರ ಕೆಟ್ಟ ಗಿಟಾರುಗಳನ್ನು ರಿಪೇರಿ ಮಾಡುತ್ತಿದ್ದರು. ಹಲಗೆಯ ಮೇಲೆ ಪ್ಲೈವುಡ್ಡಿನ ಅಚ್ಚನ್ನಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುವುದು, ಒಡಲನ್ನು ಕೊರೆಯುವುದು, ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವುದು, ಬೆಸುಗೆ ಹಾಕುವುದು, ಆಮೇಲೆ ಮೆರುಗೆಣ್ಣೆ ಬಳಿದು ಒಣಗಿಸಿ ಉಜ್ಜಿ, ಮತ್ತೆ ಬಳಿದು ಮತ್ತೆ ಉಜ್ಜಿ, ಮುಖ ಕಾಣುವವರೆಗೆ ಬಿಡದಿರುವುದು. ಎಲ್ಲ ಆದ ಮೇಲೆ ತಂತಿಗಳನ್ನೆಲ್ಲ ಒಮ್ಮೆ ಝಲ್ಲೆಂದು ಮೀಟಿ, ತಲೆ ಓರೆ ಮಾಡಿ, ಸದ್ದು ಸಾಯುವವರೆಗೆ ಕೇಳುವರು. ಅವರಿಗೆ ಬರುತ್ತಿದ್ದ ಸಂಗೀತ ಅಷ್ಟೇ.

ನುಡಿಸುತ್ತಿದ್ದವನು ಅವರ ತಮ್ಮ, ನನ್ನ ಚಿಕ್ಕಮಾವ. ಅಣ್ಣ ಮಾಡಿದ ಪ್ರತಿಯೊಂದು ಗಿಟಾರನ್ನೂ ಮೊದಲು ಹೆಗಲಿಗೇರಿಸಿ, ಅಲ್ಲಿ ತೊಡಕು ಇಲ್ಲಿ ತೊಡಕು ಎಂದು ಜರೆದು, ಬೈಯುತ್ತಲೇ ಸಂಜೆಯವರೆಗೆ ನುಡಿಸುತ್ತಿದ್ದವನು. ಅವನು ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಒಂದು ದಿನ ಆ ಯಂತ್ರ ಅವನ ಎಡಗೈಯ ಎರಡು ಬೆರಳುಗಳ ತುದಿಯನ್ನು ತೆಗೆದುಕೊಂಡಿತು. ಗಿಟಾರಿನ ಕತ್ತಿನ ಮೇಲೆ ತಂತಿಗಳನ್ನು ಒತ್ತಿ ಸ್ವರ ಹುಟ್ಟಿಸುವ ಬೆರಳುಗಳು ಅವೇ. ಗಾಯ ಮಾಗಿತು, ಗಿಟಾರು ಅಟ್ಟ ಸೇರಿತು, ಎಡಗೈ ಜೇಬು ಸೇರಿತು. ಅಯ್ಯೋ ಪಾಪ ಎಂದವರ ಮನೆಗೆ ಅವನು ಮತ್ತೆ ಹೋಗುತ್ತಿರಲಿಲ್ಲ. ಅತ್ತೆ ಒಮ್ಮೆ ಪ್ರೀತಿಯಿಂದ ಅವನ ತಟ್ಟೆಯಲ್ಲಿದ್ದ ಹಣ್ಣನ್ನು ತಾವೇ ಹೆಚ್ಚಿ ಕೊಟ್ಟದ್ದಕ್ಕೆ ಎದ್ದು ಹೋದವನು ಅಣ್ಣನ ಮನೆಯ ಮೆಟ್ಟಿಲನ್ನೂ ಮರೆತ. ಮಾವ ಗಿಟಾರು ಮಾಡುತ್ತಲೇ ಇದ್ದರು. ಮೀಟುವರು, ತಲೆ ಓರೆ ಮಾಡುವರು, ಜರೆಯುವವರಿಲ್ಲದ ಗಿಟಾರನ್ನು ಗೋಡೆಗೆ ತೂಗುಹಾಕುವರು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಮಾವ, ಅಣ್ಣತಮ್ಮಂದಿರಿಬ್ಬರೂ ಕೂತು ಓದಿದ ಹಳೆಯ ಮೇಜಿನ ಹಲಗೆಯನ್ನು ಕಳಚಿ ಹೊಸ ಗಿಟಾರಿಗೆ ಕೈಹಾಕಿದರು. ತಂತಿ ಕಟ್ಟಿದ ದಿನ ನಾನು ಅಲ್ಲಿದ್ದೆ. ‘ಹಿಡಿದು ನೋಡೋ’ ಎಂದು ನನ್ನ ಕೈಗೆ ಕೊಟ್ಟರು. ಹೇಗೆ ಹಿಡಿದರೂ ಕೂರದು. ಕತ್ತು ಬಲಕ್ಕೆ ಹೋಗುತ್ತದೆ, ಸದ್ದು ಏರಿಸಿ ಇಳಿಸುವ ಗುಬುಟುಗಳು ಎಡಕ್ಕೆ ಬರುತ್ತವೆ. ಮಾವ ಕನ್ನಡಕ ಮೇಲೇರಿಸಿ ನೋಡಿ, ತಲೆಯ ಮೇಲೆ ಕೈಹೊತ್ತರು.

‘ಅಯ್ಯೋ, ಅಚ್ಚು ಮಗುಚಿ ಇಟ್ಬಿಟ್ಟಿದೀನಿ ಕಣೋ! ಇದು ಎಡಚರ ಗಿಟಾರ್ ಆಗೋಯ್ತು.’

‘ಹಾಳ್ಮಾಡೋಕೆ ಆ ಮೇಜಿನ ಹಲಗೆನೇ ಬೇಕಿತ್ತೇನ್ರೀ ನಿಮಗೆ?’ ಎಂದರು ಅತ್ತೆ.

‘ಹೋಗ್ಲಿ ಬಿಡು, ಒಲೆಗಾದ್ರೂ ಆಗತ್ತೆ.’

ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದ ಕೆಲಸ. ಉಲ್ಟಾ ಮಾವ ಈ ಸಲ ಗಿಟಾರನ್ನೇ ಉಲ್ಟಾ ಮಾಡಿದ್ದಾರೆ ಎಂದು ಚಿಕ್ಕಮಾವನಿಗೆ ಹೋಗಿ ಹೇಳಿದೆ. ಅವನು ಬಿದ್ದುಬಿದ್ದು ನಕ್ಕ. ಬೆರಳು ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ‘ನಡಿ, ಆ ಘನಕಾರ್ಯ ನೋಡ್ಕೊಂಡು ಬರೋಣ’ ಎಂದು ಹೊರಟೇಬಿಟ್ಟ.

ನೋಡಿದ, ನಕ್ಕ, ಎಷ್ಟು ಉಲ್ಟಾ ಆಗಿದೆ ಎಂದು ನನಗೆ ತೋರಿಸಲು ತೊಡೆಯ ಮೇಲಿಟ್ಟುಕೊಂಡ. ಈಗ ತಂತಿ ಒತ್ತಬೇಕಾದದ್ದು ಬಲಗೈ, ಮೀಟಬೇಕಾದದ್ದು ಎಡಗೈ. ಮೀಟಲು ಹೆಬ್ಬೆರಳು, ತೋರುಬೆರಳು ಸಾಕು, ಅವೆರಡೂ ಅವನಿಗಿದ್ದವು. ಜೇಬಿನಿಂದ ಕೈ ಹೊರಗೆ ಬಂತು. ಬಂದ ಸದ್ದು ಏನೇನೂ ಚೆನ್ನಾಗಿರಲಿಲ್ಲ, ಆಗತಾನೆ ಅಕ್ಷರ ತಿದ್ದುವ ಮಗುವಿನ ಬರಹದಂತಿತ್ತು. ಅವನು ನಗುವುದನ್ನು ನಿಲ್ಲಿಸಿದ. ಮತ್ತೆ ಒತ್ತಿದ. ಮಾವ ಇತ್ತ ತಿರುಗದೆ ಯಾವುದೋ ತಾಮ್ರದ ತಂತಿಗೆ ಬೆಸುಗೆ ಹಾಕುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಚಿಕ್ಕಮಾವ ಹೇಳಿದ:

‘ಅಣ್ಣ, ಈ ಮೂರನೇ ತಂತಿ ಕರಕರ ಅಂತಿದೆ. ಕಿವಿ ಇಲ್ವಾ ನಿಂಗೆ?’

‘ಒಲೆಗೆ ಹಾಕೋ ಸಾಮಾನು. ಕರಕರ ಅಂದ್ರೇನು, ಅನ್ನದಿದ್ರೇನು?’

‘ಒಲೆಗೇ ಆದ್ರೆ ನಮ್ಮನೇಲೂ ಒಲೆ ಇದೆ’ ಎಂದು ಅವನು ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ನನ್ನ ತಲೆ ಕೆಟ್ಟದ್ದು ಆಮೇಲೆ. ಅಚ್ಚು ಮಗುಚಿದರೆ ಒಡಲು ತಿರುವುಮುರುವಾದೀತು, ಒಪ್ಪೋಣ. ಆದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಮೂಳೆಯ ಪಟ್ಟಿಗೆ ಅಚ್ಚಿಲ್ಲ. ದಪ್ಪ ತಂತಿಗೆ ಅಗಲ, ಸಣ್ಣದಕ್ಕೆ ಕಿರಿದು ಎಂದು ಒಂದೊಂದು ಗೀರನ್ನೂ ಅರದಿಂದ ಉಜ್ಜಬೇಕು. ಅವು ಎಡಚರಿಗೆ ಬೇಕಾದ ಕ್ರಮದಲ್ಲೇ ಇದ್ದವು. ಹಾಗಾದರೆ ಮಾವ ಬೇಕೆಂದೇ ಮಾಡಿದರು ಎಂದುಕೊಂಡೆ. ಅಷ್ಟರಲ್ಲಿ ಹೆಗಲಪಟ್ಟಿ ಸಿಕ್ಕಿಸುವ ಗುಂಡಿ ತಪ್ಪು ಬದಿಯಲ್ಲಿದೆ, ನೇತುಹಾಕಿಕೊಂಡರೆ ಗಿಟಾರು ಮುಗ್ಗರಿಸುತ್ತದೆ ಎಂದು ಚಿಕ್ಕಮಾವ ಬೈದುಕೊಂಡು ಬಂದ. ಅಷ್ಟೆಲ್ಲ ಯೋಚಿಸಿ ಮಾಡಿದವರು ಇದನ್ನು ಮರೆಯುವರೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಾವನನ್ನೇ ಕೇಳಿದೆ. ‘ತಪ್ಪೇ ಕಣೋ, ಇನ್ನೇನು?’ ಎಂದರು. ಅತ್ತೆಯನ್ನು ಕೇಳಿದೆ. ‘ಇವರನ್ನ ಕಟ್ಕೊಂಡಾಗಿನಿಂದ ನಾನೂ ಅದನ್ನೇ ಯೋಚಿಸ್ತಿದೀನಪ್ಪ’ ಎಂದರು.

ಗುಂಡಿ ಬದಲಾಯಿಸುವ ನೆಪದಲ್ಲಿ, ಕರಕರದ ನೆಪದಲ್ಲಿ ಚಿಕ್ಕಮಾವ ಮತ್ತೆ ಬರತೊಡಗಿದ. ಅತ್ತೆ ಎಲ್ಲಿಗೋ ಹೋಗಿದ್ದ ಒಂದು ಸಂಜೆ ಮಾವ ಅಭ್ಯಾಸಬಲದಿಂದ ಕೋಟು ತೊಟ್ಟು ಬೆನ್ನು ತಿರುಗಿಸಿ ನಿಂತರು. ಚಿಕ್ಕಮಾವ ಜೇಬಿನಿಂದ ಎಡಗೈ ತೆಗೆದು, ಆ ಮೋಟು ಬೆರಳುಗಳಿಂದಲೇ ತಡಕಾಡುತ್ತ ಒಂದೊಂದೇ ಗುಂಡಿ ಹಾಕಿದ. ಮಾವ ಅಷ್ಟು ಹೊತ್ತೂ ಅಲುಗಾಡದೆ ನಿಂತಿದ್ದರು. ನನಗೆ ಅಳು ಬಂತು.

ಕೊಟ್ಟು ಹೇಳಿಕೊಳ್ಳುವವರು ಲೋಕದಲ್ಲಿ ಹಲವರಿದ್ದಾರೆ, ಕೊಟ್ಟು ಸುಮ್ಮನಿರುವವರು ಕೆಲವರಿದ್ದಾರೆ. ಇವೆರಡಕ್ಕೂ ಸೇರದ ಇನ್ನೊಂದು ಜಾತಿಯಿದೆ: ಅವರು ಕೊಟ್ಟರೋ, ಅವರ ಕೈತಪ್ಪಿ ಬಿತ್ತೋ, ತಿಳಿಯುವುದಿಲ್ಲ, ಬಹುಶಃ ಅವರಿಗೇ ತಿಳಿದಿರುವುದಿಲ್ಲ. ಅಂಥವರಿಗೆ ಉಪಕಾರವಾಯಿತು ಎಂದು ಎದುರು ನಿಂತು ಹೇಳಲು ಬಾರದು. ಅವರು ಬೆನ್ನು ತಿರುಗಿಸಿ ನಿಂತಾಗ ಗುಂಡಿ ಹಾಕಬಹುದು, ಅಷ್ಟೇ.