ಎರಡು ದಿನ ಮುಂದೆ ಹೋದ ವಾಚು

ನಾನು ಓದಿದ್ದು ಮೂರನೇ ಕ್ಲಾಸು. ಗಡಿಯಾರದ ಮುಖದ ಮೇಲಿನ ಅಂಕಿ ಓದಲು ಅಷ್ಟು ಸಾಕಾಗಿತ್ತು. ಭಾವನ ರಿಪೇರಿ ಅಂಗಡಿಯಲ್ಲಿ ಬೆಂಚಿಗೆ ಕೂತಾಗ ನನಗೆ ಹತ್ತೊಂಬತ್ತು, ಈಗ ಎಪ್ಪತ್ನಾಲ್ಕು. ಭಾವ ಹೋದ ಮೇಲೆ ಅಂಗಡಿ ಅವರ ಮಗಳ ಕೈಗೆ ಬಂತು. ಅಕ್ಕನ ಮಗಳು, ನನಗೆ ಸೋದರಸೊಸೆ, ನಾನೇ ಎತ್ತಿ ಆಡಿಸಿದವಳು. ಅಂಗಡಿಯ ಹಿಂದಿನ ಕೋಣೆಯಲ್ಲೇ ನನ್ನ ವಾಸ.

ಎರಡು ತಿಂಗಳ ಹಿಂದೆ ಒಬ್ಬರ ಗೋಡೆ ಗಡಿಯಾರವನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸಿಬಿಟ್ಟಿದ್ದೆ. ಎರಡೂ ಒಂದೇ ಅಚ್ಚಿನವು, ಒಂದೇ ಬಣ್ಣದವು. ಆದರೂ ತಪ್ಪು ತಪ್ಪೇ. ಸೊಸೆ ದನಿ ಏರಿಸಲಿಲ್ಲ. ಇನ್ನೊಂದು ಸಲ ಹೀಗಾದರೆ ಬೆಂಚು ಬೇಡ ಮಾವ, ಮುಂದೆ ಕೂತು ಬಂದವರನ್ನು ಮಾತಾಡಿಸಿಕೊಂಡಿರಿ ಸಾಕು ಅಂದಳು. ಐವತ್ತೈದು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಯಿ ಮುಚ್ಚಿ ಕೂತವನು ಯಾರನ್ನು ಏನೆಂದು ಮಾತಾಡಿಸಲಿ? ಅಂದಿನಿಂದ ಯಾರನ್ನೂ ಏನನ್ನೂ ಕೇಳುವುದು ಬಿಟ್ಟೆ. ಕೇಳಿದರೆ ಮರೆವು ಅನ್ನುತ್ತಾರೆ.

ಹಲ್ಲಿನ ಡಾಕ್ಟರು ನಮ್ಮ ಹಳೇ ಗಿರಾಕಿ. ಅವರಿಗೆ ವಾಚಿನ ಹುಚ್ಚು. ಅವರ ಹತ್ತಿರ ಇರುವ ಒಂದು ವಾಚಿನ ಪಕ್ಕದ ಪಟ್ಟಿ ಜಾರಿಸಿದರೆ ಗಂಟೆ, ಕಾಲುಗಂಟೆ, ನಿಮಿಷ ಎಲ್ಲವನ್ನೂ ಬಾರಿಸಿ ಹೇಳುತ್ತದೆ. ಇನ್ನೊಂದರಲ್ಲಿ ಬ್ಯಾಲೆನ್ಸ್ ಚಕ್ರ ಪುಟ್ಟ ಪಂಜರದೊಳಗೆ ಕೂತು, ಪಂಜರದ ಸಮೇತ ತಾನೂ ಸುತ್ತುತ್ತದೆ. ಯಾಕೆ ಸುತ್ತಬೇಕು ಅಂತ ಅವರು ಎರಡು ಸಲ ವಿವರಿಸಿದರು, ನಾನು ಎರಡು ಸಲ ತಲೆಯಾಡಿಸಿದೆ.

ಈ ಸಲ ತಂದದ್ದು ತಾರೀಖಿನ ವಾಚು. ವಾರ, ತಾರೀಖು, ತಿಂಗಳು, ಚಂದ್ರ, ಎಲ್ಲ ಅದರ ಮುಖದಲ್ಲೇ. ಮೂವತ್ತಕ್ಕೆ ಮುಗಿಯುವ ತಿಂಗಳು ಯಾವುದು, ಯಾವ ಫೆಬ್ರವರಿಗೆ ಒಂದು ದಿನ ಹೆಚ್ಚು, ತಾನೇ ಬಲ್ಲದು. ಡಾಕ್ಟರು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಕೈಯ ಅಲುಗಾಟದಿಂದಲೇ ಓಡುವ ವಾಚು, ಕಟ್ಟದೆ ಹೋದ ತಿಂಗಳ ಮೂರನೇ ತಾರೀಖಿಗೇ ನಿಂತಿತ್ತು. ನಾಳಿದ್ದು ನಮ್ಮ ವಾಚಿನ ಹುಚ್ಚರ ಕೂಟ ಇದೆ, ತಾರೀಖು ಸರಿ ಮಾಡಿಡಿ, ನಾಳೆ ಸಂಜೆ ಬರುತ್ತೇನೆ ಎಂದು ಕೊಟ್ಟು ಹೋದರು. ಹೋಗುವಾಗ ಒಂದು ಮಾತು ಹೇಳಿದರು: ಕೀ ಕೊಡುವ ಗುಂಡಿ ಒಂದು ಟಿಕ್ ತಿರುಗಿಸಿದರೆ ಎಲ್ಲವೂ ಸೇರಿ ಒಂದು ದಿನ ಮುಂದೆ ಹೋಗುತ್ತದೆ, ಹಿಂದಕ್ಕೆ ಮಾತ್ರ ಬರುವುದಿಲ್ಲ.

ಮರುದಿನ ಬೆಳಿಗ್ಗೆಯೆಲ್ಲ ಅದರ ನಡೆ ನೋಡುವುದರಲ್ಲೇ ಕಳೆಯಿತು. ಮಧ್ಯಾಹ್ನ ಸೊಸೆ ಊಟಕ್ಕೆ ಹೋದಾಗ ತಾರೀಖು ಕೂರಿಸಲು ಹೊರಟೆ. ಆ ವಾರ ರಸ್ತೆ ಅಗೆದು ಎರಡು ದಿನ ಅಂಗಡಿ ಮುಚ್ಚಿತ್ತು, ನನ್ನ ಲೆಕ್ಕವೆಲ್ಲ ಕಲಸಿಹೋಗಿತ್ತು. ಐವತ್ತು ವರ್ಷದ ಹಿಂದೆ ಬಿಚ್ಚಿದ ಗಡಿಯಾರದ ಸ್ಪ್ರಿಂಗ್ ಎಷ್ಟು ಅಗಲ ಇತ್ತು ಅಂತ ಕೇಳಿ, ಹೇಳುತ್ತೇನೆ. ನಿನ್ನೆ ಯಾವ ವಾರ ಅಂದರೆ ಬೆರಳು ಎಣಿಸಬೇಕು. ಗೋಡೆಯ ಕ್ಯಾಲೆಂಡರ್ ಹಾಳೆ ನೋಡಿದೆ: ಸೋಮವಾರ, ಹದಿನಾಲ್ಕು. ಸೋಮವಾರವೇ? ಭಾನುವಾರ ಯಾವಾಗ ಹೋಯಿತು? ಮನಸ್ಸು ಒಪ್ಪಲಿಲ್ಲ. ಬಾಗಿಲಿಗೆ ಹೋಗಿ ಪಕ್ಕದ ದರ್ಜಿಯನ್ನು ಕೇಳಬಹುದಿತ್ತು. ಅವನ ಬಾಯಿ ಊರ ಬಾಗಿಲು. ಇವತ್ತು ಯಾವ ವಾರ ಅಂತ ಕೇಳಿದ ಮುದುಕನ ಸುದ್ದಿ ಸಂಜೆಯೊಳಗೆ ಸೊಸೆಯ ಕಿವಿಗೆ ಬೀಳುತ್ತಿತ್ತು. ಕಾಗದ ಸುಳ್ಳು ಹೇಳುವುದಿಲ್ಲ, ಕೆಟ್ಟಿರುವುದು ನನ್ನ ತಲೆಯೇ ಅಂದುಕೊಂಡು ಟಿಕ್ ಟಿಕ್ ಅಂತ ನಲವತ್ತೊಂದು ಸಲ ತಿರುಗಿಸಿದೆ.

ಅವಳು ಊಟ ಮುಗಿಸಿ ಬಂದು ಫೋನಿನಲ್ಲಿ ಯಾರಿಗೋ, ನಾಳೆ ಭಾನುವಾರ ಅಂಗಡಿ ಇರುವುದಿಲ್ಲ ಅಂದಳು.

ಆಗ ಹೊಳೆಯಿತು. ಶನಿವಾರ ಮಧ್ಯಾಹ್ನದ ಮೇಲೆ ನಾವು ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ. ರಸೀದಿ ಪುಸ್ತಕ ಮುಚ್ಚಿದ ಕೂಡಲೇ ಅವಳು ಕ್ಯಾಲೆಂಡರಿನ ಎರಡು ಹಾಳೆ ಒಟ್ಟಿಗೆ ಕಿತ್ತು ಸೋಮವಾರಕ್ಕೆ ತಯಾರು ಮಾಡಿಡುತ್ತಾಳೆ. ವರ್ಷಗಳಿಂದ ಕಂಡದ್ದೇ. ಆ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ. ಗುಂಡಿ ಪೂರ್ತಿ ಎಳೆದು ವಾಚು ನಿಲ್ಲಿಸಿದೆ. ಮೂರು ಗಂಟೆ ಇಪ್ಪತ್ತು ನಿಮಿಷ. ಹಾಳೆಯ ಮೇಲೆ ತಪ್ಪು ಹೊರಿಸಿದರೆ ಬಚಾವಾಗುತ್ತೇನೋ? ವಾರ ಗೊತ್ತಿಲ್ಲದವನು ಅಂತಾಗುತ್ತದೋ? ಮೂರು ಗಂಟೆ ಕೂತು ಯೋಚಿಸಿದರೂ ತಲೆಬುಡ ಸಿಗಲಿಲ್ಲ.

ಸಂಜೆ ಡಾಕ್ಟರು ಬಂದರು. ಸೊಸೆ ಪಕ್ಕದಲ್ಲೇ ಇದ್ದಳು.

"ಎರಡು ದಿನ ಮುಂದಕ್ಕೆ ಹೋಗ್ಬಿಟ್ಟಿದೆ ಡಾಕ್ಟ್ರೇ. ನನ್ ತಪ್ಪು," ಅಂದೆ.

"ವಾಪಸ್ ತರೋಕಾಗಲ್ವಲ್ಲ?"

"ಕಿತ್ತ ಹಲ್ಲನ್ನ ನೀವು ವಾಪಸ್ ಕೂರಿಸ್ತೀರಾ? ಹಾಗೇ ಇದೂ. ನಿಲ್ಸಿ ಇಟ್ಟಿದ್ದೀನಿ. ಸೋಮವಾರ ಮೂರೂ ಇಪ್ಪತ್ತಕ್ಕೆ ದಿನಾನೇ ಇದರ ಹತ್ರ ಬರುತ್ತೆ. ಆಗ ಬಿಡ್ತೀನಿ."

ಅವರು ವಾಚನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. "ಅಂದ್ರೆ ವಾಚು ಸರಿಯಾಗಿದೆ, ನಾವೇ ಹಿಂದೆ ಬಿದ್ದಿದ್ದೀವಿ ಅಂತೀರಿ."

ಸೊಸೆ ನಗಲಿಲ್ಲ. "ಇವತ್ತು ಶನಿವಾರ ಅಂತ ಗೊತ್ತಿರ್ಲಿಲ್ವಾ ಮಾವ?"

"ಹಾಳೆ ನೋಡ್ದೆ. ಅನುಮಾನ ಬಂತು."

"ಮತ್ತೆ ಕೇಳೋದಲ್ವಾ ಯಾರನ್ನಾದ್ರೂ?"

"ಕೇಳಿದ್ರೆ ನೀನು ಬೆಂಚು ಬಿಡಿಸ್ತೀಯ ಅಂತ ಕೇಳ್ಲಿಲ್ಲಮ್ಮ."

ಅವಳು ಗೋಡೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಕೇಳ್ದೇ ಇದ್ದಿದ್ದಕ್ಕೆ ಬಿಡಿಸ್ಬೇಕು ಈಗ," ಅಂದಳು.

ಡಾಕ್ಟರೇ ನಡುವೆ ಬಂದು, ಕೂಟದಲ್ಲಿ ಟೈಮು ಯಾರೂ ನೋಡುವುದಿಲ್ಲ, ಎಲ್ಲರೂ ವಾಚು ಮಗುಚಿ ಬೆನ್ನಿನ ಗಾಜಿನೊಳಗಿನ ಚಕ್ರಗಳನ್ನೇ ನೋಡುವುದು, ನಾಳೆಗೆ ಬೇರೆಯದು ಕಟ್ಟುತ್ತೇನೆ ಅಂದರು. ವಾಚು ಸೋಮವಾರದವರೆಗೆ ನನ್ನ ಹತ್ತಿರವೇ ಇರಲಿ ಎಂದು ಹೊರಟರು. ಅದು ನಂಬಿಕೆಯೋ ಕರುಣೆಯೋ ಗೊತ್ತಾಗಲಿಲ್ಲ.

ಸೋಮವಾರ ಮೂರು ಗಂಟೆಗೆ ಸೊಸೆ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು. ಆ ಸ್ಟೂಲು ಬೆಂಚಿನ ಹತ್ತಿರ ಬಂದದ್ದು ಅದೇ ಮೊದಲು. ಫೋನು ಮುಂದಿಟ್ಟು ನಿಮಿಷ ಎಣಿಸಿದಳು. ಇಪ್ಪತ್ತಾದಾಗ "ಹ್ಞೂಂ" ಅಂದಳು. ಗುಂಡಿ ಒತ್ತಿದೆ. ಸೆಕೆಂಡಿನ ಮುಳ್ಳು ಹೊರಟಿತು.

"ಇಂಥಾ ವಾಚು ಬಂದ್ರೆ ಇನ್ಮೇಲೆ ನಾನೂ ಇಲ್ಲೇ ಕೂರ್ತೀನಿ. ಕೈ ನಿಮ್ದು, ತಾರೀಖು ನಂದು."

ಸರಿ ಅಂದೆ. ಬೆಂಚು ಉಳಿಯಿತೋ, ಅರ್ಧ ಹೋಯಿತೋ, ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಅವಳು ಭೂತಗನ್ನಡಿಯನ್ನು ತನ್ನ ಕಣ್ಣಿಗೆ ಸಿಕ್ಕಿಸಿಕೊಂಡು ವಾಚಿನ ಚಂದ್ರನನ್ನು ನೋಡುತ್ತಿದ್ದಳು. ಚಿಮಟದ ಡಬ್ಬಿ ಸರಿಸಿ ಅವಳ ಮೊಣಕೈಗೆ ಜಾಗ ಮಾಡಿದೆ.